ನೆವಿಲ್‌ನ ಮಣಿಕಟ್ಟು

ಪಿಕಾಸಿಯ ಮೊನೆ ಮತ್ತೆ ಕಲ್ಲಿಗೇ ಬಡಿಯಿತು. ಡೆರೆಕ್‌ನ ಅಂಗೈಯಿಂದ ಹಲ್ಲಿನ ಬುಡದವರೆಗೂ ಜುಮ್ಮೆಂದಿತು. ಬೆಳಕು ಹರಿದಾಗಿನಿಂದ ಅಗೆದರೂ ಗುಂಡಿ ಮೊಣಕಾಲು ದಾಟಿರಲಿಲ್ಲ. ಮೇಲಿನ ಮರಳು ಸರಿಸಿದರೆ ಆ ಮರುಭೂಮಿಯ ನೆಲವೆಲ್ಲ ಬರೀ ಸುಣ್ಣಗಲ್ಲು.

"ಸರಿಯೋ ಆಚೆ," ಎಂದು ವೆಂಡೆಲ್ ಹಾರೆ ಹಿಡಿದು ಗುಂಡಿಗೆ ಇಳಿದ. "ಇದು ನಿಮ್ಮ ಇಂಗ್ಲೆಂಡಿನ ಮೆತ್ತನೆ ಮಣ್ಣಲ್ಲ. ನೀನು ಕಿರುಚಿದ್ರೆ ಹೆದರೋದೂ ಇಲ್ಲ."

ಆ ಊರಲ್ಲಿ ಗುಂಡಿ ತೋಡುವುದು ಸತ್ತವರ ಗೆಳೆಯರ ಕೆಲಸ. ವೆಂಡೆಲ್‌ಗೆ ಎಂಬತ್ತು ತುಂಬಿದ್ದರೂ ಒಂದು ಸಾವಿಗೂ ತಪ್ಪಿಸಿಕೊಂಡವನಲ್ಲ. ಪೌಲೀನ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಗಿಟಾರಿನ ತಂತಿ ಬಿಗಿಯುತ್ತಿದ್ದಳು. ಹರೆಯದಲ್ಲಿ ನೆತ್ತಿಯ ನಡುವೆ ಸಾಲಾಗಿ ನಿಲ್ಲಿಸಿದ್ದ ಅವಳ ಹಸಿರು ಕೂದಲು ಈಗ ಬೆಳ್ಳಗಿನ ತೆಳು ಜಡೆಯಾಗಿತ್ತು.

"ಗುಂಡಿ ತೋಡೋದ್ರಲ್ಲೂ ನೀವು ಗಂಡಸರು ಪೈಪೋಟಿಗೆ ಬೀಳ್ತೀರಲ್ಲ," ಅಂದಳು. "ಒಳಗೆ ಮಲಗೋನು ನೋಡಿ ನಗ್ತಿರ್ತಾನೆ."

"ಸಂಜೆ ಮಣ್ಣು ಮಾಡೋವಾಗ ನಾಲ್ಕು ಮಾತಾಡು ಡೆರೆಕ್," ಅಂದ ವೆಂಡೆಲ್, ಹಾರೆ ನಿಲ್ಲಿಸದೆ. "ನೆವಿಲ್ ಡ್ರಮ್ ಬಾರಿಸ್ತಿದ್ರೆ ಕುದುರೆ ಮನೆ ಕಡೆ ನಡೆದು ಹೋದ ಹಾಗಿರ್ತಿತ್ತು. ಆ ನಿಧಾನ ಎಲ್ಲಿ ಕಲಿತನೋ! ಅದನ್ನ ಹೇಳು."

ಡೆರೆಕ್ ಹಣೆ ಒರೆಸಿಕೊಂಡ. ಆ ನಿಧಾನ ಎಲ್ಲಿಂದ ಬಂತೆಂಬುದು ತನಗೊಬ್ಬನಿಗೇ ಗೊತ್ತು ಎಂದು ಅವನು ಹದಿನಾಲ್ಕು ವರ್ಷದಿಂದ ನಂಬಿದ್ದ. ಸತ್ತವನ ಮುಂದೆ ಅದನ್ನು ಹೇಳಿದರೆ ಅವನ ಮಾನ ಹೋಗುತ್ತದೆ. ಹೇಳದಿದ್ದರೆ ಆಡುವುದೆಲ್ಲ ಸುಳ್ಳು.

*

ನೆವಿಲ್, ಡೆರೆಕ್, ಪೌಲೀನ್ ಮೂವರೂ ಇಂಗ್ಲೆಂಡಿನ ಸಂಡರ್ಲೆಂಡಿನವರು. ಹಡಗುಕಟ್ಟೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಇಪ್ಪತ್ತರ ಹರೆಯದವರು. 'ಒದ್ದೆ ಬೆಂಕಿಕಡ್ಡಿಗಳು' ಅಂತ ಹೆಸರಿಟ್ಟುಕೊಂಡು ಪಂಕ್ ಹಾಡು ಕಟ್ಟಿದರು. ಮೂರು ಸ್ವರ, ಎರಡು ನಿಮಿಷ, ಉಳಿದದ್ದು ಸಿಟ್ಟು. ಡೆರೆಕ್ ಅರಚುತ್ತಿದ್ದ, ಪೌಲೀನ್ ಗಿಟಾರು, ನೆವಿಲ್ ಡ್ರಮ್ ಬಾರಿಸಿದರೆ ಮುಂದಿನ ಸಾಲಿನವರ ಲೋಟದಲ್ಲಿ ಬಿಯರು ಕುಣಿಯುತ್ತಿತ್ತು. ಅಮೆರಿಕದಲ್ಲಿ ಊರೂರು ತಿರುಗುವಾಗ ವ್ಯಾನು ಈ ಮರುಭೂಮಿಯಲ್ಲಿ ಕೆಟ್ಟು ನಿಂತಿತು. ರಸ್ತೆಬದಿಯ ಊಟದ ಮನೆಯಲ್ಲಿ ಒಫೀಲಿಯಾ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ವ್ಯಾನು ರಿಪೇರಿಯಾಯಿತು, ನೆವಿಲ್ ಮಾತ್ರ ಹತ್ತಲಿಲ್ಲ. ಮನೆಗಳ ಮಾಳಿಗೆ ಮೇಲಿನ ಕೂಲರ್ ರಿಪೇರಿ ಮಾಡಿಕೊಂಡು ಅವಳ ಜೊತೆ ಅಲ್ಲೇ ಉಳಿದ.

ಎಷ್ಟೋ ವರ್ಷಗಳ ನಂತರ, ತನ್ನ ಮದುವೆ ಮುರಿದು, ಕೆಲಸವೂ ಹೋದ ಮೇಲೆ ಡೆರೆಕ್ ಅವನನ್ನು ನೋಡಲು ಬಂದ. ಅವನ ಬೆನ್ನಿಗೇ, ಗಂಡನನ್ನು ಕಳೆದುಕೊಂಡಿದ್ದ ಪೌಲೀನ್ ಬಂದಳು. ಒಂದು ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಮೂವರೂ ಹಳೆಯ ಹಾಡು ಎತ್ತಿಕೊಂಡರು. ಎರಡನೇ ಸಾಲಿಗೇ ಡೆರೆಕ್‌ಗೆ ಕೆಮ್ಮು ಬಂತು. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ನೆವಿಲ್‌ನ ಕೈಯಿಂದ ಡ್ರಮ್ಮಿನ ಕೋಲು ಹಾರಿ ಗೋಡೆಗೆ ಬಡಿಯಿತು.

"ಹಾಳಾದ ಮಣಿಕಟ್ಟು," ಎಂದು ನೆವಿಲ್ ಕೈ ಹಿಚುಕಿಕೊಂಡ. "ಬಿಗಿಯಾಗಿ ಹಿಡಿಯಕ್ಕೇ ಆಗಲ್ಲ ಕಣೋ ಈಗ."

ಡೆರೆಕ್ ಬಗ್ಗಿ ಕೋಲು ಎತ್ತಿಕೊಟ್ಟ. ಕೂಡಲೇ ಒಂದು ಸುಳ್ಳು ಹೇಳಿದ: "ಹೋಗ್ಲಿ ಬಿಡೋ. ನಂಗೂ ಈ ಅರಚಾಟ ಸಾಕಾಗಿದೆ. ಇಲ್ಲಿ ಲಾರಿಯವರು ಕೇಳ್ತಾರಲ್ಲ, ಹಳ್ಳಿ ಕಡೆ ಕಂಟ್ರಿ ಹಾಡು, ಅದನ್ನ ಹಾಡೋಣ. ಮೆಲ್ಲಗೆ."

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಅಂದ ನೆವಿಲ್.

ಹಾಗೆ ಹುಟ್ಟಿತು 'ಒಣ ಹಳ್ಳ' ಎಂಬ ಹೊಸ ತಂಡ. ಹೆದ್ದಾರಿಯ ಪಕ್ಕದ ಹೆಂಡದಂಗಡಿಯಲ್ಲಿ ಪ್ರತಿ ಶನಿವಾರ ಹಾಡಿದರು. ನೆವಿಲ್ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡೇ ನಿಧಾನವಾಗಿ ಬಾರಿಸುತ್ತಿದ್ದ. ಲಾರಿ ಡ್ರೈವರುಗಳು, ಹಳೆಯ ಸೈನಿಕರು, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡ ಮುದುಕಿಯರು ಬಂದು ಕೂತರು. ಮೊದಮೊದಲು ಈ ಮೂವರ ಇಂಗ್ಲೆಂಡಿನ ಉಚ್ಚಾರಣೆ ಕೇಳಿ ನಕ್ಕವರೇ ಆಮೇಲೆ ಹಾಡು ಕೇಳಿ ಕಣ್ಣೊರೆಸಿಕೊಂಡರು. ಗೆಳೆಯನಿಗಾಗಿ ಹೇಳಿದ ಸುಳ್ಳು ಯಾವಾಗ ತನ್ನ ನಿಜವಾದ ದನಿಯಾಯಿತೋ ಡೆರೆಕ್‌ಗೆ ತಿಳಿಯಲಿಲ್ಲ.

*

ಮಧ್ಯಾಹ್ನ ಅಡುಗೆಮನೆಯಲ್ಲಿ ಒಫೀಲಿಯಾ ಜೋಳದ ಹಿಟ್ಟಿನ ಕಡುಬುಗಳನ್ನು ಹಬೆಗೆ ಇಡುತ್ತಿದ್ದಳು. ಅತ್ತು ಅತ್ತು ಮುಖ ಊದಿತ್ತು, ಕೈ ಮಾತ್ರ ನಿಂತಿರಲಿಲ್ಲ.

"ಅವನ ಮಣಿಕಟ್ಟಿನ ಪಟ್ಟಿ ಎಲ್ಲಿದೆ?" ಎಂದು ಡೆರೆಕ್ ಕೇಳಿದ. "ಪೆಟ್ಟಿಗೆಯಲ್ಲಿ ಜೊತೆಗೆ ಇಡೋಣ ಅಂತ. ಅದಿಲ್ಲದೆ ಒಂದು ದಿನವೂ ಬಾರಿಸಿದವನಲ್ಲ."

ಒಫೀಲಿಯಾ ಅವನನ್ನೇ ನೋಡಿದಳು. ಆಮೇಲೆ ಹಿಟ್ಟು ಮೆತ್ತಿದ ಕೈ ದೂರ ಹಿಡಿದು, ಮೊಣಕೈಯಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅದಾ? ಅದು ನಾಟಕದ ಬಟ್ಟೆ ಕಣೋ ಪುಣ್ಯಾತ್ಮ. ಹದಿನಾಲ್ಕು ವರ್ಷ ಒಗೆದೂ ಒಗೆದೂ ನಂಗೆ ಸಾಕಾಗಿತ್ತು."

"ಅಂದ್ರೆ?"

"ಅವನ ಕೈಗೆ ಏನಾಗಿತ್ತು? ಕಲ್ಲಿನ ಹಾಗಿತ್ತು. ಅದೇ ಕೈಯಲ್ಲಿ ಊರೋರ ಮಾಳಿಗೆ ಮೇಲೆ ಕೂಲರ್ ಎತ್ತಿ ಕೂರಿಸ್ತಿದ್ನಲ್ಲ, ನೀನೇನು ಕುರುಡನಾ?"

ಡೆರೆಕ್ ಕುರ್ಚಿ ಹುಡುಕಿ ಕೂತ.

"ಅವತ್ತು ಶೆಡ್ಡಿಂದ ಬಂದು ಹೇಳಿದ," ಅಂದಳು ಒಫೀಲಿಯಾ, ದನಿ ತಗ್ಗಿಸಿ. "'ಡೆರೆಕ್‌ನ ಗಂಟಲು ಹೋಗಿದೆ ಒಫೀಲಿಯಾ. ಅವನಿಗೆ ಗೊತ್ತಾದ್ರೆ ಇನ್ನು ಬಾಯೇ ಬಿಡಲ್ಲ. ಎಲ್ಲಾ ಕಳ್ಕೊಂಡು ಬಂದಿದಾನೆ, ಇದೊಂದಾದ್ರೂ ಇರ್ಲಿ. ನಾನೇ ಕೋಲು ಎಸೆದೆ.' ನೀವಿಲ್ಲದಾಗ ಆ ಶೆಡ್ಡಲ್ಲಿ ಕೂತು ಹಳೇ ಹಾಡೆಲ್ಲ ಬಾರಿಸ್ತಿದ್ದ. ನನ್ನ ಕೋಳಿಗಳು ಹೆದರಿ ಮೊಟ್ಟೆ ಇಡೋದೇ ಬಿಟ್ಟಿದ್ವು."

ಹಬೆಯ ಪಾತ್ರೆ ಕುದಿಯುತ್ತಿತ್ತು. ಡೆರೆಕ್ ತನ್ನ ಗಂಟಲನ್ನು ಕೈಯಿಂದ ತಡವಿ ನೋಡಿಕೊಂಡ. ತಾನು ಗೆಳೆಯನಿಗೆ ಮಾಡಿದೆನೆಂದು ಇಷ್ಟು ದಿನ ಒಳಗೊಳಗೇ ಮುದ್ದಿಸಿಕೊಂಡು ಬಂದ ಉಪಕಾರವನ್ನು ನಿಜಕ್ಕೂ ಮಾಡಿದ್ದು ಯಾರು, ಯಾರಿಗೆ?

"ಕಳ್ಳ ನನ್ಮಗ," ಅಂದ ಕೊನೆಗೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂದಿತ್ತು.

*

ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆಯನ್ನು ಇಳಿಸಿ ಮಣ್ಣು ಮುಚ್ಚಿದರು. ಊರಿಗೆ ಊರೇ ನಿಂತಿತ್ತು. ವೆಂಡೆಲ್ ಡೆರೆಕ್‌ನ ಬೆನ್ನಿಗೆ ತಿವಿದ.

"ನೆವಿಲ್‌ಗೆ ಕೈ ನೋವಿರಲಿಲ್ಲ," ಎಂದು ಡೆರೆಕ್ ಶುರುಮಾಡಿದ. "ನಂಗೆ ದನಿ ಇರಲಿಲ್ಲ. ಅದು ಗೊತ್ತಾಗಬಾರದು ಅಂತ ಹದಿನಾಲ್ಕು ವರ್ಷ ಪಟ್ಟಿ ಕಟ್ಟಿಕೊಂಡ. ಇಂಥಾ ಸುಳ್ಳುಗಾರನನ್ನ ನಾನು ಇನ್ನೆಲ್ಲೂ ಕಂಡಿಲ್ಲ." ಪೌಲೀನ್ ಕಡೆ ತಿರುಗಿದ. "ಹಳೇದು ಬಾರಿಸೇ. ಅವಾಗಿನ ಜೋರಲ್ಲೇ."

"ಸತ್ತುಹೋಗ್ತೀಯ ನೀನು."

"ಜಾಗ ಇಲ್ಲೇ ಇದೆಯಲ್ಲ. ಬಾರಿಸು."

ಅವಳು ಬಾರಿಸಿದಳು. ಡೆರೆಕ್ ಕಣ್ಣು ಮುಚ್ಚಿ ಅರಚಿದ. ದನಿ ಸೀಳಿತು, ಒಡೆಯಿತು, ಆದರೂ ಬಿಡಲಿಲ್ಲ. ಒಂದು ಚರಣ ಮುಗಿಸಿ, ಮೊಣಕಾಲಿಗೆ ಕೈ ಊರಿ ಬಗ್ಗಿ ಏದುಸಿರು ಬಿಟ್ಟ. ಪೌಲೀನ್ ತಂತಿಯ ಮೇಲೆ ಕೈ ಇಟ್ಟು ಒಂದು ಗಳಿಗೆ ಕಾದಳು. ಆಮೇಲೆ ಯಾರೂ ಹೇಳದೆ ಅದೇ ಹಾಡನ್ನು ಮೆಲ್ಲಗೆ ಎತ್ತಿಕೊಂಡಳು.

'ನಿಮ್ಮ ಸೈರನ್ ಕೂಗಲಿ, ನಾವು ಏಳೋದಿಲ್ಲ.' ಇಪ್ಪತ್ತರಲ್ಲಿ, ಸೈರನ್ ಕೂಗಿಸಿ ಕೆಲಸಕ್ಕೆ ಎಬ್ಬಿಸುತ್ತಿದ್ದ ಹಡಗುಕಟ್ಟೆಯ ಯಜಮಾನರ ಮುಖಕ್ಕೆ ಉಗಿದಿದ್ದ ಸಾಲು. ಡೆರೆಕ್ ಬಗ್ಗಿದಲ್ಲಿಂದ ತಲೆಯೆತ್ತಿ, ಹೊಸ ಮಣ್ಣಿನ ಕಡೆ ನೋಡುತ್ತಾ ಉಳಿದ ದನಿಯಲ್ಲಿ ಅದನ್ನೇ ಹಾಡಿದ. ನಾವು ಏಳೋದಿಲ್ಲ. ಇನ್ನು ಏಳೋದಿಲ್ಲ.

ಒಫೀಲಿಯಾ ಬಂದು ವೆಂಡೆಲ್‌ನ ಕೈ ಹಿಡಿದಳು. "ನಂಗೆ ಕುಣಿಯಕ್ಕೆ ಬರಲ್ಲಮ್ಮ," ಅಂದ ಅವನು. "ನಡೆಯಕ್ಕೆ ಬರುತ್ತಲ್ಲ, ಸಾಕು," ಅಂದಳು. ಇಬ್ಬರೂ ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಇಡುತ್ತಾ ಮಣ್ಣಿನ ಗುಪ್ಪೆಯ ಸುತ್ತ ತಿರುಗಿದರು. ಅವಳ ಕಪ್ಪು ಚಪ್ಪಲಿ ಬಿಳಿ ಧೂಳಿನಲ್ಲಿ ಪಾದದ ಗಂಟಿನವರೆಗೆ ಹುದುಗುತ್ತಿತ್ತು, ಮತ್ತೆ ಏಳುತ್ತಿತ್ತು.