ಮಡಿಲಿಗೆ ಬಿದ್ದ ಹೊಳೆಮೀನು

ಓರಿನ್ ಫೋನು ಮಾಡಿದ್ದು ಮಂಗಳವಾರ. ಅವತ್ತಿನಿಂದ ಭಾನುವಾರದ ತನಕ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೂರು ವರ್ಷದಿಂದ ನನ್ನ ಮುಖ ನೋಡದ ಅಣ್ಣ ಹೇಳಿದ್ದು ಇಷ್ಟೇ: ಭಾನುವಾರ ಬೆಳಿಗ್ಗೆ ಐದೂವರೆಗೆ ಹೆರನ್ ಮೂಲೆಗೆ ಬಾ, ಗಾಳ, ಕಯಾಕ್ ದೋಣಿ ಎರಡೂ ತಗೊಂಡು ಬಾ. ಯಾಕೆ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ. ಬೈಯಲು ಕರೆದನೋ, ರಾಜಿಗೆ ಕರೆದನೋ? ಗಾಳಗಳನ್ನು ನಾಲ್ಕು ಸಲ ತೆಗೆದು ನೋಡಿದೆ. ಕಾನೂನು ಹೇಳುವಂತೆ ಮೀನು ಜಾರದಂತೆ ಕಚ್ಚಿ ಹಿಡಿಯುವ ಹಿಮ್ಮುಳ್ಳು ಎಲ್ಲದರಲ್ಲೂ ಚಪ್ಪಟೆಯಾಗಿತ್ತು. ಆದರೂ ಐದನೇ ಸಲ ಇಕ್ಕಳ ಹಿಡಿದು ಒತ್ತಿದೆ.

ನಮ್ಮ ಜಗಳ ಊರಿಗೆಲ್ಲ ಗೊತ್ತು. ನಮ್ಮ ಕೊಲ್ಲಿಗೆ ಬರುವ ಸಾಲ್ಮನ್‌ಗಳಲ್ಲಿ ಎರಡು ಬಗೆ. ಮರಿಕೇಂದ್ರದಲ್ಲಿ ಹುಟ್ಟಿಸಿ ಬಿಟ್ಟವಕ್ಕೆ ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ರೆಕ್ಕೆಯನ್ನು ಮರಿಯಿದ್ದಾಗಲೇ ಕತ್ತರಿಸಿರುತ್ತಾರೆ. ಅವನ್ನು ಮನೆಗೆ ಒಯ್ಯಬಹುದು. ಹೊಳೆಯಲ್ಲಿ ತಾವಾಗಿ ಹುಟ್ಟಿದ ಹೊಳೆಮೀನುಗಳಿಗೆ ಆ ರೆಕ್ಕೆ ಇರುತ್ತದೆ. ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಗಾಳಕ್ಕೆ ಬಿದ್ದರೆ ನೀರಿನಲ್ಲಿದ್ದಂತೆಯೇ ಬಿಡಿಸಿ ಕಳಿಸಬೇಕು, ದೋಣಿಯೊಳಕ್ಕೆ ತರುವಂತಿಲ್ಲ.

ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ನಾನು ಬೇಸಿಗೆಯಲ್ಲಿ ದಡದಲ್ಲಿ ನಿಂತು, ಬಂದ ಮೀನುಗಳನ್ನು ನೋಡಿ ಮೀನುಗಾರಿಕೆ ಇಲಾಖೆಗೆ ವರದಿ ಕೊಡುತ್ತೇನೆ. ಮೂರು ವರ್ಷದ ಹಿಂದೆ ಓರಿನ್ ತಂದ ಮೀನಿಗೆ ರೆಕ್ಕೆ ಇರಲಿಲ್ಲ. ಆದರೆ ಆ ಜಾಗದಲ್ಲಿ ಮಾಗಿದ ಕಲೆಯ ಬದಲು ಹಸಿ ಗಾಯ. ಚಾಕುವಿನಿಂದ ತಾನೇ ಕೊಯ್ದಿದ್ದ. ನೋಡಲಿಲ್ಲ ಅಂದ್ಕೊಂಡುಬಿಡು ಎಂದ. ನಾನು ಬರೆದೆ. ಎರಡು ವರ್ಷ ಅವನ ಪರವಾನಗಿ ಹೋಯಿತು. ಅಮ್ಮ ತನ್ನ ಹಳದಿ ಕಯಾಕನ್ನು ನನಗೆ ಕೊಡದೆ ಅವನಿಗೆ ಕೊಟ್ಟಳಲ್ಲ, ತಂಗಿ ಮಾರ್ಲಿಸ್ ಆ ಹೊಟ್ಟೆಕಿಚ್ಚು ತೀರಿಸಿಕೊಂಡಳು ಎಂದು ಊರೆಲ್ಲ ಹೇಳಿಕೊಂಡು ಬಂದ. ಹೊಟ್ಟೆಕಿಚ್ಚು ಇದ್ದದ್ದು ನಿಜ. ಅದಕ್ಕೇ ಆ ಮಾತು ನನ್ನನ್ನು ಮೂರು ವರ್ಷ ಕೊರೆಯಿತು.

ಭಾನುವಾರ ನಾನು ಹೋಗುವಷ್ಟರಲ್ಲಿ ಅವನು ಅದೇ ಹಳದಿ ಕಯಾಕಿನಲ್ಲಿ ಕೂತು ನೀರಿಗಿಳಿದಿದ್ದ. ತಲೆಯಾಡಿಸಿದ, ಅಷ್ಟೇ. ನಾನು ಪಾಚಿಯ ಅಂಚಿಗೆ ಹೋಗೋಣ ಎಂದರೆ ಅವನು ಸೆಳವಿನ ಕಡೆ ತಿರುಗಿಸಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನಮ್ಮದು ಹುಟ್ಟಿದಾಗಿನಿಂದ ಇದೇ ಕಥೆ. ನಾನೇ ಹವಾಮಾನ, ಮಂಡಿನೋವು, ಹೊಸ ಬೇಕರಿ ಅಂತ ಏನೇನೋ ಬಡಬಡಿಸಿದೆ. ಅವನು ಮೂವತ್ತು ಅಡಿ ದೂರ ಇಟ್ಟುಕೊಂಡೇ ಗಾಳ ಬಿಟ್ಟ.

ಆರು ಗಂಟೆಯ ಪ್ರಯಾಣಿಕರ ಹಡಗು ಬರುವ ಸ್ವಲ್ಪ ಮೊದಲು ನನ್ನ ದಾರ ಎಳೆಯಿತು. ಎಂಥ ಎಳೆತ! ಕಯಾಕ್ ಸಮೇತ ನನ್ನನ್ನು ಅರ್ಧ ಸುತ್ತು ತಿರುಗಿಸಿತು. ಕಾಲು ಗಂಟೆ ಗುದ್ದಾಡಿ, ಹಡಗು ದಾಟಿ ಹೋಗುವಷ್ಟರಲ್ಲಿ ಪಕ್ಕಕ್ಕೆ ತಂದು, ನಾವೆಲ್ಲ ಮಾಡುವಂತೆ ಕೈಬಲೆಯನ್ನು ನೀರಿನಲ್ಲೇ ಇಳಿಬಿಟ್ಟು, ಅದರ ಅಂಚನ್ನು ತೊಡೆಗೆ ಒತ್ತಿ ಹಿಡಿದು ಬಗ್ಗಿ ನೋಡಿದೆ. ರೆಕ್ಕೆ ಇತ್ತು. ಬಿಡಬೇಕಾದ ಮೀನು.

ಹಡಗು ಹೋದರೂ ಅದರ ಅಲೆ ಹಿಂದಿನಿಂದ ಬರುತ್ತದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಇಬ್ಬರಿದ್ದರೆ ಪಕ್ಕಪಕ್ಕ ಬಂದು ಒಬ್ಬರ ದೋಣಿಯ ಮೇಲೆ ಇನ್ನೊಬ್ಬರು ಹುಟ್ಟು ಅಡ್ಡ ಹಾಕುತ್ತೇವೆ, ಆಗ ಮಗುಚುವುದಿಲ್ಲ. ನಾನು ಅಲೆಯನ್ನು ಮರೆತೆ, ಓರಿನ್‌ನನ್ನೇ ನೋಡುತ್ತಿದ್ದೆ. ಕಯಾಕ್ ವಾಲಿತು, ಗಾಬರಿಯಲ್ಲಿ ಬಲೆಯನ್ನು ಎದೆಗೆಳೆದುಕೊಂಡೆ, ಮೀನು ಮಡಿಲಿಗೆ ಬಂದು ಬಿತ್ತು.

ಅಲ್ಲಿಯವರೆಗೆ ಅದು ಅಲೆಯ ತಪ್ಪು. ಆಮೇಲಿನದು ನನ್ನದು. ತಕ್ಷಣ ನೀರಿಗೆ ಹೊರಳಿಸಬಹುದಿತ್ತು. ಆದರೆ ಓರಿನ್ ತಿರುಗುತ್ತಿದ್ದ. ಚಿಕ್ಕಂದಿನಲ್ಲಿ ಅವನು ಹಿಡಿದದ್ದನ್ನೆಲ್ಲ ಅಮ್ಮ ಹೊಗಳುತ್ತಿದ್ದಳು, ನಾನು ಹಿಡಿದದ್ದನ್ನು ಯಾರೂ ನೋಡುತ್ತಿರಲಿಲ್ಲ. ಇದನ್ನಾದರೂ ನೋಡಲಿ ಎಂದು ಇಪ್ಪತ್ತು ಎಣಿಸುವಷ್ಟು ಹೊತ್ತು ಅದನ್ನು ಮಡಿಲಲ್ಲಿ ಒತ್ತಿ ಹಿಡಿದೆ. ಅದರ ಬಾಯಿ ಗಾಳಿಗೆ ತೆರೆದು ಮುಚ್ಚುತ್ತಿತ್ತು. ಅವನು ನೋಡಿದ. ಆಮೇಲೆ ನೀರಿಗಿಳಿಸಿ, ಗಾಳ ಬಿಡಿಸಿ, ಬಾಲ ಹಿಡಿದುಕೊಂಡು ಕಾದೆ. ತುಂಬಾ ಹೊತ್ತಿನ ಮೇಲೆ ಒಮ್ಮೆ ಒದ್ದು ಕೆಳಗೆ ಹೋಯಿತು.

ಇಲಾಖೆಯ ದೋಣಿ ಮೂಲೆ ತಿರುಗಿ ಬಂದದ್ದು ಆಗಲೇ. ಗಸ್ತಿನ ಅಧಿಕಾರಿ ಡೆಲ್ಲಾ ಟೀಡಮನ್ ನಮ್ಮಿಬ್ಬರ ಪರವಾನಗಿ ಕಾರ್ಡು ನೋಡಿದಳು, ಗಾಳ ಮುಟ್ಟಿ ನೋಡಿದಳು, ಏನಾದರೂ ಸಿಕ್ಕಿತೇ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಓರಿನ್ ಮಾತಾಡಿದ.

"ಇವಳಿಗೊಂದು ಹೊಳೆಮೀನು ಬಂತು. ನೀರಲ್ಲೇ ಬಿಟ್ಟಳು."

ಮೂರು ವರ್ಷದ ಮೇಲೆ ಅಣ್ಣ ನನ್ನ ಪರವಾಗಿ ಆಡಿದ ಮೊದಲ ಮಾತು ಅದು, ಅದೂ ಸುಳ್ಳು. ಸುಮ್ಮನಿದ್ದಿದ್ದರೆ ಅಣ್ಣ ಉಳಿಯುತ್ತಿದ್ದ. ಸುಮ್ಮನಿರಲು ಆಸೆಯೂ ಆಯಿತು, ದೇವರಾಣೆ. ಆದರೆ ಆಗ ಅವನು ಊರಲ್ಲಿ ಹೇಳಿದ್ದೇ ನಿಜವಾಗುತ್ತಿತ್ತು: ನಾನು ಬರೆದದ್ದು ಹೊಟ್ಟೆಕಿಚ್ಚಿಗೇ, ಕಾನೂನು ಅವನಿಗೆ ಮಾತ್ರ, ನನಗಲ್ಲ.

"ನೀರಲ್ಲಿ ಬಿಡಲಿಲ್ಲ, ಡೆಲ್ಲಾ," ಎಂದೆ. "ಮಡಿಲಲ್ಲಿಟ್ಕೊಂಡಿದ್ದೆ. ಅಲೆಗೆ ಬಂತು, ಆದ್ರೆ ಇಟ್ಕೊಂಡಿದ್ದು ನಾನು. ಇವನಿಗೆ ತೋರಿಸ್ಬೇಕಿತ್ತು."

ಡೆಲ್ಲಾ ನನ್ನ ಪ್ಯಾಂಟಿಗಂಟಿದ್ದ ಮೀನಿನ ಹುರುಪೆಗಳನ್ನು ನೋಡಿದಳು. ಎಚ್ಚರಿಕೆಯ ಚೀಟಿ ಬರೆದಳು. ನೀನು ಇಲಾಖೆಯ ದಡದ ಕೆಲಸದವಳಾದ್ದರಿಂದ ಮೇಲಿನವರಿಗೆ ತಿಳಿಸಲೇಬೇಕು, ಈ ಬೇಸಿಗೆಗೆ ಇನ್ನು ನಿನ್ನನ್ನು ಕರೆಯುವುದು ಅನುಮಾನ ಎಂದು ಮೆಲ್ಲಗೆ ಹೇಳಿ ಹೊರಟಳು.

ಚೀಟಿ ಹಿಡಿದು ಕೂತೆ. ಓರಿನ್ ನನ್ನನ್ನು ದಿಟ್ಟಿಸಿ ನೋಡುತ್ತಿದ್ದ.

"ಬೈಯೋಕೇ ಕರೆದಿದ್ದೆ ಕಣೇ ನಿನ್ನ," ಎಂದ. "ಮೂರು ವರ್ಷದ್ದು ಜೋಡಿಸಿಟ್ಕೊಂಡಿದ್ದೆ. ನನ್ನ ಮೇಲಿನ ಹಗೆಗೆ ಬರೆದೆ ಅಂತ ತಿಳ್ಕೊಂಡಿದ್ದೆ. ಎಲ್ಲಿಯ ಹಗೆ, ನಿನ್ನ ಜಾಯಮಾನವೇ ಅದು. ನಿನ್ನನ್ನೇ ಬಿಡಲ್ಲ, ಇನ್ನು ನನ್ನ ಬಿಡ್ತೀಯಾ?"

ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ನೀರಿನ ಕಡೆ ನೋಡಿದ.

"ಹೋಯ್ತಾ ಅದು?"

"ಹೋಯ್ತು. ಒದ್ದು ಹೋಯ್ತು."

"ನಂದನ್ನ ಇಲಾಖೆಯವರು ಒಯ್ದರು. ಯಾರೂ ತಿನ್ನಲೂ ಇಲ್ಲ. ಸುಮ್ಮನೆ ಸತ್ತುಹೋಯ್ತು ಕಣೇ, ಮಾರ್ಲಿಸ್."

ನನಗೆ ಅಳು ಬಂತು, ಅತ್ತುಬಿಟ್ಟೆ. ಅಷ್ಟರಲ್ಲಿ ಏಳು ಗಂಟೆಯ ಹಡಗು ದಾಟಿ ಹೋಯಿತು. ಓರಿನ್ ಪಕ್ಕಕ್ಕೆ ಬಂದು ತನ್ನ ಹುಟ್ಟನ್ನು ನನ್ನ ಕಯಾಕಿನ ಮೇಲೆ ಅಡ್ಡ ಇಟ್ಟ. ನಾನು ನನ್ನದನ್ನು ಅವನದರ ಮೇಲಿಟ್ಟೆ. ಅಲೆ ಬರುವ ತನಕ ಹಾಗೇ ಕೂತಿದ್ದೆವು.