ರಾಶಿಗೆ ಬಿದ್ದ ಸ್ಟಿಕ್

ಕಾಗದಕ್ಕೆ ಸಹಿ ಹಾಕಿದ್ದು ಹಾಲ್ಯಾಳೇ, ಬೇರೆ ಯಾರನ್ನೂ ದೂರುವಂತಿರಲಿಲ್ಲ. ಮಗಳು ಲೆಸ್ಯಾ ಪಟ್ಟಣದ ಐಸ್ ಹಾಕಿ ತಂಡಕ್ಕೆ ಆಯ್ಕೆಯಾದ ದಿನ ಕೋಚ್ ಲಿಂಡ್‌ಕ್ವಿಸ್ಟ್ ಷರತ್ತುಗಳ ಪಟ್ಟಿಯನ್ನೇ ಮುಂದಿಟ್ಟಿದ್ದರು. ಅದರಲ್ಲೊಂದು, ತಂಡದ ಮಕ್ಕಳು ಬಯಲಿನ ಮಂಜುಗಡ್ಡೆಯ ಅಂಗಳದಲ್ಲಿ ಆಡಕೂಡದು ಎಂಬುದು. ಪಟ್ಟಣದಲ್ಲಿ ಮಾಡಿನಡಿಯ ನುಣ್ಣನೆಯ ಅಂಗಳ ಇರುವಾಗ ಹಳ್ಳಿಯ ಉಬ್ಬುತಗ್ಗಿನಲ್ಲಿ ಆಡಿದರೆ ಆಟ ಕೆಡುತ್ತದಂತೆ. ಹನ್ನೆರಡು ವರ್ಷದ ಮಗಳು ಮುಂದೆ ಬರಲಿ ಎಂದು ಹಾಲ್ಯಾ ಸಹಿ ಹಾಕಿದಳು.

ಆ ಉಬ್ಬುತಗ್ಗಿನ ಅಂಗಳ ತಾನಾಗಿ ಆದದ್ದೇನಲ್ಲ. ಕೆನಡಾದ ಬಯಲುಸೀಮೆಯ ವೆರ್ಬಿಕಾ ಎಂಬ ಆ ಪುಟ್ಟ ಊರಿನಲ್ಲಿ ಡಿಸೆಂಬರ್ ಹುಟ್ಟಿದರೆ ಸಾಕು, ಮನೆಮನೆಯವರೂ ಸರದಿಯಂತೆ ಪೈಪು ಹಿಡಿದು, ಮೀಸೆ ಹೆಪ್ಪುಗಟ್ಟುವ ಚಳಿಯಲ್ಲಿ ಪದರದ ಮೇಲೆ ಪದರ ನೀರು ಬಿಟ್ಟು ಅಂಗಳ ಕಟ್ಟುತ್ತಾರೆ. ಹಾಲ್ಯಾ ತಾನೂ ಅಲ್ಲೇ ಬಿದ್ದು ಎದ್ದು ಬೆಳೆದವಳು.

ಭಾನುವಾರ ಚರ್ಚು ಮುಗಿದ ಮೇಲೆ ಮಕ್ಕಳೆಲ್ಲ ಹಿಮ ಎತ್ತಿಹಾಕಿ ಆಡುವುದು ವಾಡಿಕೆ. ಲೆಸ್ಯಾ ಎರಡು ಭಾನುವಾರ ಸಲಿಕೆ ಹಿಡಿದು ಎಲ್ಲರಿಗಿಂತ ಹೆಚ್ಚು ಹಿಮ ಎತ್ತಿದಳು. ಆಮೇಲೆ ಒಲೆ ಉರಿಯುವ ಶೆಡ್ಡಿನ ಕಿಟಕಿಯಲ್ಲಿ ನಿಂತು ಉಳಿದವರ ಆಟ ನೋಡಿದಳು. ಊರಿಗೆಲ್ಲ ಬಡಿಸಿ ತಾನು ಉಪವಾಸ ಕೂತ ಹಾಗಿತ್ತು ಅದು. ಹಾಲ್ಯಾಳಿಗೆ ಸಿಟ್ಟು ಬಂತು, ಅದೂ ತನ್ನ ಮೇಲೆಯೇ.

ಮೂರನೆಯ ಭಾನುವಾರ ಬೇರೊಬ್ಬ ಹುಡುಗನ ಆಟ ನೋಡಲು ಕೋಚ್ ಊರಿಗೇ ಬಂದರು. ಅಂಗಳದ ನಡುವೆ ಆಡುವವರೆಲ್ಲರ ಸ್ಟಿಕ್‌ಗಳ ರಾಶಿ ಬಿದ್ದಿತ್ತು. ಹಾಲ್ಯಾಳ ಅತ್ತೆ ಸ್ಟೆಫಾನಿಯಾ ಉಣ್ಣೆಯ ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ಮಂಡಿಯೂರಿದ್ದಳು. ಅವಳು ನೋಡದೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಎಸೆಯಬೇಕು, ಹಾಗೆ ಎರಡು ತಂಡ. ರಾಶಿಗೆ ಬಿದ್ದ ಸ್ಟಿಕ್ ಆಡಿಯೇ ಏಳಬೇಕು, ತೆಗೆಯುವ ಪದ್ಧತಿ ಇಲ್ಲ. ಲೆಸ್ಯಾ ಸಲಿಕೆ ಕೆಳಗಿಟ್ಟು, ಯಾರನ್ನೂ ಕೇಳದೆ, ತನ್ನ ಸ್ಟಿಕ್ಕನ್ನೂ ರಾಶಿಗೆ ಹಾಕಿಬಿಟ್ಟಳು.

ಕೋಚ್ ಕಾರಿನಿಂದಿಳಿದು ಹಾಲ್ಯಾಳ ಬಳಿಗೆ ಬಂದರು.

“ಆ ಸ್ಟಿಕ್ ತೆಗೀರಿ ಹಾಲ್ಯಾ ಅವರೇ. ಇವತ್ತು ಆಡಿದ್ರೆ ನಾಳೆಯಿಂದ ನಮ್ಮ ತಂಡದಲ್ಲಿ ಜಾಗ ಇರಲ್ಲ.”

ಹಾಲ್ಯಾ ರಾಶಿಯ ಹತ್ತಿರ ಹೋಗಿ ಬಗ್ಗಿದಳು. ಎಷ್ಟು ಮುಂಜಾನೆ ಎದ್ದು ಮಗಳನ್ನು ಪಟ್ಟಣಕ್ಕೆ ಕರೆದೊಯ್ದಿದ್ದಳೋ ಅವಳಿಗೇ ಗೊತ್ತು. ಅದೆಲ್ಲ ಇನ್ನು ಮಣ್ಣುಪಾಲು. ಮಗಳ ಮುಖ ನೋಡಿದಳು.

“ನಾಳೆ ಅಳಲ್ಲ ತಾನೆ?”

“ಅಳ್ತೀನಮ್ಮಾ. ಆದ್ರೂ ಆಡ್ತೀನಿ.”

“ಏನು, ಮದುವೆ ಮಾತುಕತೆ ನಡೀತಿದೆಯಾ?” ಟೋಪಿಯೊಳಗಿಂದ ಅತ್ತೆ ಗದರಿದಳು. “ನನ್ನ ಮಂಡಿ ಮರಗಟ್ಟಿ ಹೋಯ್ತು. ಬೇಗ ಹೇಳ್ರೇ.”

ಹಾಲ್ಯಾ ಬರಿಗೈಯಲ್ಲಿ ಎದ್ದಳು. “ನಡೀಲಿ ಅತ್ತೆ, ಹಂಚಿ,” ಎಂದಳು.

ಇನ್ನೊಮ್ಮೆ ಯೋಚಿಸಿ ಎಂದರು ಕೋಚ್.

“ಯೋಚನೆ ಮಾಡೇ ಸಹಿ ಹಾಕಿದ್ದು ಸ್ವಾಮಿ. ತಪ್ಪಾಗಿದ್ದು ಅಲ್ಲೇ.”

ಲೆಸ್ಯಾಳ ಸ್ಟಿಕ್ ಎಡಕ್ಕೆ ಹೋಯಿತು. ಆಟ ಶುರುವಾಗಿ ನಿಮಿಷವಾಗಿರಲಿಲ್ಲ, ಅವಳು ಎಡವಿ ಉದ್ದಕ್ಕೆ ಜಾರಿ ಅಂಗಳದಂಚಿನ ಹಲಗೆಗೆ ಬಡಿದಳು. ಹಾಲ್ಯಾ ಒಂದು ಹೆಜ್ಜೆ ಮುಂದಿಟ್ಟಳು.

“ನೋಡಿದ್ರಾ? ಕಾಲು ಮುರಿದಿದ್ರೆ?” ಎಂದರು ಕೋಚ್.

ಲೆಸ್ಯಾ ಎದ್ದು ಕೂತು, ಮೂಗಿನ ಹಿಮ ಒರೆಸಿಕೊಂಡು ನಗುತ್ತಿದ್ದಳು. ಎರಡು ವಾರದಿಂದ ಮನೆಯಲ್ಲಿ ಕಾಣದ ನಗು ಅದು.

“ಮುರಿದ್ರೆ ಹೊತ್ಕೊಂಡ್ ಹೋಗ್ತೀನಿ,” ಎಂದಳು ಹಾಲ್ಯಾ. “ನಮ್ಮ ಮನೆ ಇಲ್ಲೇ ಇದೆ. ನಿಮಗೆ ದೂರ ಆಗುತ್ತೆ, ನೀವು ಹೊರಡಿ.”