ನೆಟ್ಟಗೆ ನಿಂತ ಗೊಂಚಲು

ಒಣಗಿಸಿ ಹಾಳೆಗೆ ಅಂಟಿಸಿದ ಏಲಕ್ಕಿ ಗಿಡದ ಮುಂದೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಇದು ಹೊಸ ತಳಿಯೆಂಬ ಅವಳ ವರದಿ ಸಂಜೆಯ ಅಂಚೆಗೆ ಹೋಗಬೇಕಿತ್ತು. ಉಳಿದೆಲ್ಲ ಅಲ್ಲಿನ ಮಾಮೂಲಿ ಏಲಕ್ಕಿಯಂತೆಯೇ ಇದ್ದರೂ, ಬುಡದಿಂದ ಹೊರಟ ಹೂಗೊಂಚಲು ಅದರಂತೆ ನೆಲಕ್ಕೊರಗದೆ ನೆಟ್ಟಗೆ ನಿಲ್ಲುತ್ತದೆ ಎಂಬುದೊಂದೇ ಅವಳ ಆಧಾರ.

ಗಿಡ ಕಿತ್ತು ತಂದು ಅಂಟಿಸಿದ್ದ ಸೋದರಮಾವನನ್ನು ಕೇಳಿದಳು: "ಮಾವ, ಕೀಳುವಾಗ್ಲೂ ಇದು ಹೀಗೇ ಇತ್ತಲ್ವಾ?"

"ಎಲ್ಲಿ? ನೆಲದ ಮೇಲೆ ಹಾಯಾಗಿ ಮಲಗಿತ್ತು. ಹಾಳೇಲಿ ಜಾಗ ಸಾಲ್ದೆ ನಾನೇ ಎಬ್ಬಿಸಿ ನಿಲ್ಲಿಸ್ದೆ."

"ಅಯ್ಯೋ, ಇದಕ್ಕೆ ನಿನ್ನ ಹೆಸರೇ ಇಟ್ಟಿದ್ದೆ!"

"ಹಾಗಾದ್ರೆ ಕಳ್ಸಿಬಿಡೇ. ಸತ್ತ ಗಿಡ ಎದ್ದು ಬಂದು ಸಾಕ್ಷಿ ಹೇಳುತ್ತಾ?"

ಅವಳು ಬಾಗಿಲಿಗೂ ಮೇಜಿಗೂ ನಾಲ್ಕು ಸಲ ಓಡಾಡಿದಳು. ಕೊನೆಗೆ ವರದಿಯಿದ್ದ ಲಕೋಟೆ ಹರಿದುಹಾಕಿ, ಹಾಳೆಯ ಮೂಲೆಯ ಚೀಟಿಯಲ್ಲಿ 'ಗೊಂಚಲು ನೆಲದ ಮೇಲೆ ಮಲಗಿತ್ತು' ಎಂದು ಬರೆದಳು. ಕೆಳಗೆ, ಗಿಡ ತಂದವರು ಯಾರೆಂಬಲ್ಲಿ, ಮಾವನ ಹೆಸರು ಬರೆದಳು.